ಗಾದೆಯ ಸುಳಿ, ಕಾನೂನಿನ ಸುಳಿ: ಬೌದ್ಧಿಕ ಅಂಗವೈಕಲ್ಯ ಮತ್ತು ಒಪ್ಪಿಗೆಯ ಪ್ರಶ್ನೆ

‘ಹುಚ್ಚು ಬಿಡುವ ತನಕ ಮದುವೆಯಾಗದು, ಮದುವೆಯಾಗುವ ತನಕ ಹುಚ್ಚು ಬಿಡದು’ ಎಂಬ ಗಾದೆಯನ್ನು ಬಿಡಿಸಲಾಗದ ತೊಡಕಿನ ಸೂಚಕವಾಗಿ ಮಾತ್ರ ಅರ್ಥೈಸುವುದು ರೂಢಿ. ಆದರೆ ಈ ಗಾದೆಯೊಳಗೆ ಒಬ್ಬ ವ್ಯಕ್ತಿ ಇರುವುದನ್ನು ಗಮನಿಸಬೇಕು. ಆ ವ್ಯಕ್ತಿಯ ಬುದ್ಧಿಯ ಬಗೆಗೆ ತೀರ್ಮಾನವಾಗಿದೆ, ಮದುವೆಯ ಬಗೆಗೂ ತೀರ್ಮಾನವಾಗಿದೆ. ಆ ವ್ಯಕ್ತಿಗೆ ಏನು ಬೇಕೆಂಬ ಪ್ರಶ್ನೆ ಮಾತ್ರ ಎಲ್ಲಿಯೂ ಏಳುವುದಿಲ್ಲ. ಬೌದ್ಧಿಕ ಅಂಗವೈಕಲ್ಯವುಳ್ಳವರ ಪೋಷಕತ್ವ, ಒಪ್ಪಿಗೆ ಹಾಗೂ ಸಂತಾನದ ಹಕ್ಕುಗಳನ್ನು ಕುರಿತ ಭಾರತೀಯ ಕಾನೂನು ಬಹುಕಾಲ ಇದೇ ಸುಳಿಯಲ್ಲಿ ಸುತ್ತಿದೆ. ಸಾಮರ್ಥ್ಯ ಸಿದ್ಧವಾದರೆ ಮಾತ್ರ ಒಪ್ಪಿಗೆಗೆ ಬೆಲೆ. ಆಯ್ಕೆಗೆ ಅವಕಾಶ ದೊರೆತರೆ ಮಾತ್ರ ಸಾಮರ್ಥ್ಯ ಬೆಳೆಯುವುದು.

ಜನಪದ ಲೋಕ ಈ ವಿಷಯದಲ್ಲಿ ಹೆಚ್ಚು ಉದಾರವಾಗಿತ್ತು ಎಂದು ತೀರ್ಮಾನಿಸುವುದು ಅವಸರವಾದೀತು. ಪೆದ್ದ ಅಳಿಯನ ಕಥೆಗಳನ್ನೇ ನೋಡಬಹುದು. ಅತ್ತೆಯ ಮನೆಯಲ್ಲಿ ತಿಂದ ಕಡುಬಿನ ಹೆಸರನ್ನು ದಾರಿಯುದ್ದಕ್ಕೂ ಜಪಿಸುತ್ತ ಬರುವ ಅಳಿಯ ಹಳ್ಳ ದಾಟುವಾಗ ಅದನ್ನು ಮರೆಯುತ್ತಾನೆ. ಬಾಯಿಗೆ ಬಂದ ಬೇರೊಂದು ಹೆಸರು ಹೇಳಿ, ಅದನ್ನು ಮಾಡಿಕೊಡಲಿಲ್ಲವೆಂದು ಹೆಂಡತಿಯನ್ನು ಬಡಿಯುತ್ತಾನೆ. ಕಥೆ ಅವನನ್ನು ನಗೆಗೀಡು ಮಾಡುತ್ತದೆ, ಆದರೆ ಅವನ ದಾಂಪತ್ಯವನ್ನು ಪ್ರಶ್ನಿಸುವುದಿಲ್ಲ. ಇದು ಒಂದು ಬಗೆಯ ಒಳಗೊಳ್ಳುವಿಕೆಯೇ ಸರಿ. ಆದರೆ ಅವನಿಗೆ ಕೊಟ್ಟ ಹೆಣ್ಣಿನ ಒಪ್ಪಿಗೆಯನ್ನು ಕಥೆ ಕೇಳುವುದಿಲ್ಲ. ಪೆಟ್ಟು ಬೀಳುವುದು ಅವಳ ಮೈಮೇಲೆಯೇ.

ಹೆಣ್ಣಿನ ದೇಹದ ಮೇಲೆ ಅನ್ಯರ ತೀರ್ಮಾನ ಬೀಳುವ ಈ ವಿನ್ಯಾಸ ಆಧುನಿಕ ಸಂಸ್ಥೆಗಳಲ್ಲಿಯೂ ಮುಂದುವರಿಯಿತು. 1994ರಲ್ಲಿ ಮಹಾರಾಷ್ಟ್ರದ ಶಿರೂರಿನ ಸರ್ಕಾರಿ ವಸತಿಗೃಹದಲ್ಲಿದ್ದ ಬುದ್ಧಿಮಾಂದ್ಯ ಮಹಿಳೆಯರಿಗೆ ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆ ನಡೆಯಿತು. ಮುಟ್ಟಿನ ಶುಚಿತ್ವವನ್ನು ಅವರು ನಿಭಾಯಿಸಲಾರರು ಎಂಬುದು ನೀಡಲಾದ ಕಾರಣ. ಮಹಿಳಾ ಸಂಘಟನೆಗಳು ಇದನ್ನು ತೀವ್ರವಾಗಿ ಪ್ರತಿಭಟಿಸಿದವು. ಇಂಥ ಸಂದರ್ಭಗಳಲ್ಲಿ ಪಾಲಕರ ದಣಿವು, ಮಗಳ ಮೇಲೆ ಅತ್ಯಾಚಾರವಾದೀತೆಂಬ ಭಯ ನಿಜವಾದವುಗಳೇ. ಆದರೆ ಗರ್ಭಕೋಶವನ್ನು ತೆಗೆದ ಮಾತ್ರಕ್ಕೆ ಅತ್ಯಾಚಾರ ನಿಲ್ಲುವುದಿಲ್ಲ. ಅದರ ಒಂದು ಸಾಕ್ಷ್ಯ ಮಾತ್ರ ಅಳಿಯುತ್ತದೆ.

ಕಾನೂನಿನ ಪದಕೋಶವೂ ಪರಿಶೀಲನೆಗೆ ಅರ್ಹವಾಗಿದೆ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ ‘ಲೂನಾಟಿಕ್’ ಎಂಬ ಪದದ ಅರ್ಥವನ್ನು 1912ರ ಹುಚ್ಚರ ಕಾಯ್ದೆಯಿಂದ ಎರವಲು ಪಡೆದಿತ್ತು. ಆ ಅರ್ಥದಲ್ಲಿ ಮನೋರೋಗಿಯೂ ಬುದ್ಧಿಮಾಂದ್ಯರೂ ಒಂದೇ. ಇಬ್ಬರ ಪರವಾಗಿಯೂ ಪೋಷಕರೇ ಒಪ್ಪಿಗೆ ನೀಡಬೇಕಿತ್ತು. ಹುಚ್ಚನನ್ನೂ ಪೆದ್ದನನ್ನೂ ಬೇರೆಬೇರೆಯಾಗಿ ಗುರುತಿಸುವ ಕನ್ನಡದ ಆಡುಮಾತಿಗಿದ್ದ ವಿವೇಕ ಈ ಶಾಸನಕ್ಕೆ ಇರಲಿಲ್ಲ. 2002ರ ತಿದ್ದುಪಡಿ ಆ ಪದವನ್ನು ಕೈಬಿಟ್ಟು ‘ಮಾನಸಿಕ ಅಸ್ವಸ್ಥ ವ್ಯಕ್ತಿ’ ಎಂದು ಬದಲಿಸಿ, ಅದರ ವ್ಯಾಪ್ತಿಯಿಂದ ಬುದ್ಧಿಮಾಂದ್ಯತೆಯನ್ನು ಹೊರಗಿಟ್ಟಿತು.

ಈ ಪದಾಂತರದ ಪರಿಣಾಮ ಸ್ಪಷ್ಟವಾದದ್ದು 2009ರ ಸುಚಿತಾ ಶ್ರೀವಾಸ್ತವ ಮತ್ತು ಚಂಡೀಗಢ ಆಡಳಿತದ ನಡುವಣ ಪ್ರಕರಣದಲ್ಲಿ. ಚಂಡೀಗಢದ ಸರ್ಕಾರಿ ಆಶ್ರಯಧಾಮದಲ್ಲಿದ್ದ, ಅಲ್ಪ ಪ್ರಮಾಣದ ಬುದ್ಧಿಮಾಂದ್ಯತೆಯುಳ್ಳ ಅನಾಥ ಯುವತಿಯೊಬ್ಬಳು ಅತ್ಯಾಚಾರದಿಂದ ಗರ್ಭಿಣಿಯಾಗಿದ್ದಳು. ಮಗು ಬೇಕೆಂಬ ಅವಳ ಇಚ್ಛೆ ತಜ್ಞರ ವರದಿಯಲ್ಲಿ ದಾಖಲಾಗಿತ್ತು. ಆದರೂ ಆಡಳಿತದ ಕೋರಿಕೆಯ ಮೇರೆಗೆ ಪಂಜಾಬ್ ಮತ್ತು ಹರಿಯಾಣ ಉಚ್ಚ ನ್ಯಾಯಾಲಯ ಗರ್ಭಪಾತಕ್ಕೆ ಆದೇಶಿಸಿತು. ಸರ್ವೋಚ್ಚ ನ್ಯಾಯಾಲಯ ಅದನ್ನು ತಡೆದು, ಅವಳ ಒಪ್ಪಿಗೆಯಿಲ್ಲದೆ ಗರ್ಭಪಾತ ಸಲ್ಲದೆಂದೂ, ಸಂತಾನದ ಆಯ್ಕೆ ಸಂವಿಧಾನದ 21ನೆಯ ಅನುಚ್ಛೇದದ ವೈಯಕ್ತಿಕ ಸ್ವಾತಂತ್ರ್ಯಕ್ಕೆ ಸೇರಿದ್ದೆಂದೂ ಹೇಳಿತು. ಹೆರುವ ಹಕ್ಕಿನಂತೆ ಹೆರದಿರುವ ಹಕ್ಕೂ ಈ ಆಯ್ಕೆಯೊಳಗೆ ಇದೆ.

ತೀರ್ಪಿನ ಮಹತ್ವವನ್ನು ಒಪ್ಪುತ್ತಲೇ ಅದರ ಮಿತಿಯನ್ನೂ ಗುರುತಿಸಬೇಕು. ಅದು ಅವಳ ಮಾತಿನಲ್ಲಿಯೇ ನಿಲ್ಲುವುದಿಲ್ಲ; ಗರ್ಭ ಮುಂದುವರಿಯುವುದರಲ್ಲಿ ಅವಳ ಹಿತವಿದೆಯೇ, ತಾಯ್ತನದ ಹೊಣೆಗೆ ನೆರವು ಸಿಗುವುದೇ ಎಂಬುದನ್ನೂ ವಿಚಾರಿಸುತ್ತದೆ. ಅವಳ ಧ್ವನಿ ಓದುಗರಿಗೆ ಸಿಗುವುದು ತಜ್ಞರ ನಿರೂಪಣೆಯ ಮೂಲಕ ಮಾತ್ರ. ಅದಕ್ಕಿಂತ ಮುಖ್ಯವಾಗಿ, ಅವಳಿಗೆ ಹಕ್ಕು ದೊರೆತದ್ದು ಅವಳು ಒಂದು ವರ್ಗಕ್ಕೆ ಸೇರದೆ ಇನ್ನೊಂದು ವರ್ಗಕ್ಕೆ ಸೇರಿದ್ದರಿಂದ. ಗೆರೆ ಸರಿಯಿತೇ ಹೊರತು ಅಳಿಯಲಿಲ್ಲ. ಮಾನಸಿಕ ಅಸ್ವಸ್ಥ ಮಹಿಳೆಯ ಪರವಾಗಿ ಪೋಷಕರೇ ಒಪ್ಪಿಗೆ ನೀಡುವ ಏರ್ಪಾಡನ್ನು 2021ರ ತಿದ್ದುಪಡಿಯೂ ಉಳಿಸಿಕೊಂಡಿದೆ.

ಭಾರತ 2007ರಲ್ಲಿ ಅನುಮೋದಿಸಿದ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಅನುಸರಿಸಿ ಬಂದ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, ಪರಸ್ಪರ ತಿಳಿವಳಿಕೆ ಹಾಗೂ ವಿಶ್ವಾಸವನ್ನು ಆಧರಿಸಿ ಜೊತೆಗೂಡಿ ತೀರ್ಮಾನಿಸುವ ‘ಸೀಮಿತ ಪೋಷಕತ್ವ’ವನ್ನು ಮುಂದಿಟ್ಟಿತು. ಸ್ವತಂತ್ರ ಒಪ್ಪಿಗೆಯಿಲ್ಲದೆ ಸಂತಾನಶಕ್ತಿಯನ್ನು ನಾಶಪಡಿಸುವ ಚಿಕಿತ್ಸೆಯನ್ನು ನಿಷೇಧಿಸಿತು. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ ಸಂತಾನಹರಣವನ್ನು ಮನೋರೋಗದ ಚಿಕಿತ್ಸೆಯಾಗಿ ಬಳಸಕೂಡದೆಂದಿತು. ಆದರೆ ಒಪ್ಪಿಗೆಯಿಲ್ಲದ ಗರ್ಭಪಾತವನ್ನು ದಂಡನೀಯವೆನ್ನುವ 2016ರ ಕಾಯ್ದೆಯ 92ನೆಯ ಪ್ರಕರಣವೇ, ‘ತೀವ್ರ’ ಅಂಗವೈಕಲ್ಯದ ಸಂದರ್ಭದಲ್ಲಿ ವೈದ್ಯರ ಅಭಿಪ್ರಾಯ ಮತ್ತು ಪೋಷಕರ ಒಪ್ಪಿಗೆ ಸಾಕೆನ್ನುತ್ತದೆ. ಗಾದೆಯ ಸುಳಿ ಇಲ್ಲಿ ಮತ್ತೆ ತೆರೆದುಕೊಳ್ಳುತ್ತದೆ.

ಜಾನಪದ ಅಧ್ಯಯನವೂ ಇದರಿಂದ ಹೊರತಲ್ಲ. ಕ್ಷೇತ್ರಕಾರ್ಯದಲ್ಲಿ ವಕ್ತೃವನ್ನು ಆರಿಸುವಾಗ ನೆನಪು ಹಾಗೂ ಮಾತಿನ ಚಾತುರ್ಯಗಳೇ ಮಾನದಂಡಗಳಾಗಿವೆ. ಊರು ಪೆದ್ದನೆಂದು ಕರೆದವನು ಕಥೆಯ ವಸ್ತುವಾಗಿದ್ದಾನೆಯೇ ವಿನಾ ಕಥೆ ಹೇಳುವವನಾಗಿ ಸಂಗ್ರಹಗಳಲ್ಲಿ ಕಾಣಿಸಿಕೊಂಡದ್ದು ವಿರಳ. ನಿಧಾನವಾಗಿ, ತುಂಡುತುಂಡಾಗಿ, ಸನ್ನೆಯಲ್ಲಿ ಹೇಳುವವರನ್ನು ಕೇಳಿಸಿಕೊಳ್ಳುವ ವಿಧಾನವನ್ನು ರೂಪಿಸುವುದು ನ್ಯಾಯಾಂಗದ ಹೊಣೆಯಾಗಿರುವಂತೆ ಈ ಶಿಸ್ತಿನ ಹೊಣೆಯೂ ಆಗಿದೆ. ಸುಳಿ ಬಿಡುವುದು ಬುದ್ಧಿಯನ್ನು ಅಳೆಯುವುದರಿಂದಲ್ಲ, ಮೊದಲು ಕೇಳಿಸಿಕೊಳ್ಳುವುದರಿಂದ.