ಗಡಿನಾಡಿನ ನಟಿ: ಸೌಂದರ್ಯ ಅವರ ಅಭಿನಯದ ಒಂದು ವಿಮರ್ಶೆ

ನಟನಟಿಯರ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಎರಡು ಸುಲಭ ಮಾರ್ಗಗಳನ್ನು ಹಿಡಿಯುತ್ತಾರೆ. ಹುಟ್ಟೂರಿನ ಅಭಿಮಾನ ಒಂದು. ಅಕಾಲಮರಣದ ಶೋಕ ಇನ್ನೊಂದು. ಸೌಂದರ್ಯ ಅವರು ಮುಳಬಾಗಿಲು ತಾಲ್ಲೂಕಿನ ಗಂಜಿಗುಂಟೆಯಲ್ಲಿ ಜನಿಸಿದರು. 2004ನೆಯ ಏಪ್ರಿಲ್ 17ರಂದು ಚುನಾವಣಾ ಪ್ರಚಾರಕ್ಕೆಂದು ಹೊರಟ ಲಘು ವಿಮಾನವು ಬೆಂಗಳೂರಿನ ಜಕ್ಕೂರಿನಲ್ಲಿ ಕುಸಿದು, ಸಹೋದರ ಅಮರನಾಥರೊಡನೆ ಮೃತರಾದರು. ಆದುದರಿಂದ ಈ ಎರಡು ಮಾರ್ಗಗಳಲ್ಲಿಯೂ ಅವರ ವಿಷಯವಾಗಿ ಬೇಕಾದಷ್ಟು ಬರೆಯಲಾಗಿದೆ. ಇವೆರಡರ ನಡುವೆ ಹನ್ನೆರಡು ವರ್ಷಗಳ ಕೆಲಸವೊಂದಿತ್ತೆಂಬುದು ಮಾತ್ರ ಮರೆಯಾಗುತ್ತ ಬಂದಿದೆ. ಆ ಕೆಲಸದ ಬೆಲೆಯನ್ನು ಕಟ್ಟುವುದೇ ಇಲ್ಲಿ ನಮ್ಮ ಉದ್ದೇಶ.

ಕನ್ನಡ ವಿಮರ್ಶೆಯು ಅವರ ವೃತ್ತಿಜೀವನವನ್ನು ಎರಡಾಗಿ ಸೀಳಿದೆ. 1992ರಲ್ಲಿ ‘ಗಂಧರ್ವ’ ಮೊದಲಾದ ಚಿತ್ರಗಳಿಂದ ಆರಂಭಿಸಿ, ವೈದ್ಯಕೀಯ ವ್ಯಾಸಂಗವನ್ನು ಅರ್ಧಕ್ಕೆ ಬಿಟ್ಟು ತೆಲುಗಿಗೆ ಹೋದುದು ಒಂದು ಭಾಗ. ಹಿಂದಿರುಗಿ ‘ದ್ವೀಪ’ದಲ್ಲಿ ಅಭಿನಯಿಸಿದುದು ಇನ್ನೊಂದು. ಮೊದಲನೆಯದು ಹಣಕ್ಕಾಗಿ, ಎರಡನೆಯದು ಕಲೆಗಾಗಿ ಎಂಬುದು ಈ ವಿಭಾಗದ ತಾತ್ಪರ್ಯ. ಇದು ನಮಗೆ ಒಪ್ಪಿಗೆಯಾಗುವುದಿಲ್ಲ.

ಕೋಲಾರ ಸೀಮೆಯನ್ನು ಬಲ್ಲವರಿಗೆ ಈ ವಿಭಾಗವು ಎಷ್ಟು ಕೃತಕವೆಂಬುದು ತಿಳಿಯದೆ ಇರದು. ಮುಳಬಾಗಿಲು, ಶ್ರೀನಿವಾಸಪುರಗಳ ಸಂತೆಯಲ್ಲಿ ವ್ಯಾಪಾರವು ತೆಲುಗಿನಲ್ಲಿ ಕುದುರುತ್ತದೆ. ಅರ್ಜಿಯನ್ನು ಕನ್ನಡದಲ್ಲಿ ಬರೆಯುತ್ತಾರೆ. ಮಾಲೂರಿನ ಕಡೆ ತಮಿಳೂ ಕೂಡಿಕೊಳ್ಳುತ್ತದೆ. ಆ ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ 1891ರಲ್ಲಿ ಹುಟ್ಟಿದ ಮಾಸ್ತಿಯವರ ಮನೆಮಾತು ತಮಿಳು. ಅವರು ಕನ್ನಡದ ಆಸ್ತಿಯಾದರು. ಇಂತಹ ನಾಡಿನಲ್ಲಿ ಒಂದು ಭಾಷೆಯಿಂದ ಇನ್ನೊಂದಕ್ಕೆ ಹೋಗುವುದು ವಲಸೆಯಲ್ಲ, ನಿತ್ಯದ ನಡಿಗೆ. ಹೀಗೆಂದ ಮಾತ್ರಕ್ಕೆ ಅಭಿನಯವು ಮಣ್ಣಿನ ಗುಣದಿಂದ ಬಂದಿತೆಂದು ನಾವು ಹೇಳುತ್ತಿಲ್ಲ. ಸೌಂದರ್ಯ ಅವರ ವ್ಯಾಸಂಗವೂ ವೃತ್ತಿಯ ಆರಂಭವೂ ಬೆಂಗಳೂರಿಗೆ ಸೇರಿದವು. ತಂದೆ ಸತ್ಯನಾರಾಯಣ ಅವರು ಚಿತ್ರರಂಗದಲ್ಲಿ ಬರೆಹಗಾರರೂ ನಿರ್ಮಾಪಕರೂ ಆಗಿದ್ದರು. ನೋಡುವವರ ದೃಷ್ಟಿಯನ್ನು ತಿದ್ದಲು ಈ ಸೀಮೆಯ ರೂಢಿಯು ನೆರವಾಗುತ್ತದೆ ಎಂಬುದಷ್ಟೇ ನಮ್ಮ ಮಾತು.

ಹಿಂದಿನ ತಲೆಮಾರಿನೊಡನೆ ಹೋಲಿಸಿದರೆ ಅವರ ಅಭಿನಯದ ಸ್ವರೂಪವು ಸ್ಪಷ್ಟವಾಗುತ್ತದೆ. ಕನ್ನಡ ವಾಕ್ಚಿತ್ರವು 1934ರಲ್ಲಿ ಆರಂಭವಾದಾಗ ಅದಕ್ಕೆ ಕಲಾವಿದರನ್ನು ಒದಗಿಸಿದ್ದು ವೃತ್ತಿರಂಗಭೂಮಿ. ಗುಬ್ಬಿ ಕಂಪನಿಯ ಬಿ. ಜಯಮ್ಮ, ‘ಸಂಸಾರ ನೌಕೆ’ಯ ಎಂ. ವಿ. ರಾಜಮ್ಮ ಮೊದಲಾದವರು ರಂಗದಿಂದ ತೆರೆಗೆ ಬಂದರು. ಕಟ್ಟಕಡೆಯ ಬೆಂಚಿನ ಪ್ರೇಕ್ಷಕನಿಗೂ ಮುಟ್ಟಬೇಕಾದ ಕಂಠವೇ ಅವರ ಮುಖ್ಯ ಸಾಧನ. ಸೌಂದರ್ಯ ಅವರಿಗೆ ಆ ಶಿಕ್ಷಣವಿರಲಿಲ್ಲ. ಬಹುಭಾಷಾ ಚಿತ್ರಗಳಲ್ಲಿ ನಟಿಯ ಕಂಠವು ಎಷ್ಟೋ ವೇಳೆ ಅನ್ಯರದಾಗಿರುವುದೂ ಉಂಟು. ಆದಕಾರಣ ನೋಟ, ನಡಿಗೆ, ತಡೆದು ನಿಲ್ಲುವಿಕೆ, ಇವುಗಳಿಂದಲೇ ಅವರನ್ನು ಅಳೆಯತಕ್ಕದ್ದು.

ಹೀಗೆ ಅಳೆದಾಗ ಒಂದು ವಿಶೇಷವು ಕಂಡುಬರುತ್ತದೆ. ಕೋಡಿ ರಾಮಕೃಷ್ಣರ ತೆಲುಗು ‘ಅಮ್ಮೋರು’ (1995) ಚಿತ್ರದಲ್ಲಿ ಅವರು ಕಷ್ಟಕ್ಕೆ ಸಿಕ್ಕಿದ ಭಕ್ತೆ; ಉಗ್ರದೇವತೆ ರಮ್ಯಾಕೃಷ್ಣ. ತಮಿಳಿನ ‘ಪಡೆಯಪ್ಪ’ (1999) ಚಿತ್ರದಲ್ಲಿ ಅವರು ಮನೆಗೆಲಸದ ವಸುಂಧರೆ. ದರ್ಪದ ನೀಲಾಂಬರಿ ಮತ್ತೆ ರಮ್ಯಾಕೃಷ್ಣ. ಎರಡು ಭಾಷೆ, ಎರಡು ಕಥೆ. ಹಂಚಿಕೆ ಮಾತ್ರ ಒಂದೇ. ರೋಷವು ಒಬ್ಬರಿಗೆ, ಸಂಯಮವು ಇನ್ನೊಬ್ಬರಿಗೆ. ಸಂಯಮದ ಪಾತ್ರವನ್ನು ಪ್ರೇಕ್ಷಕರು ಮೆಚ್ಚಿದರೂ ವಿಮರ್ಶಕರು ಗಮನಿಸುವುದು ಕಡಮೆ. ಕೃಷ್ಣವಂಶಿಯವರ ‘ಅಂತಃಪುರಂ’ (1998) ಚಿತ್ರದಲ್ಲಿ ಸಂಯಮಕ್ಕೆ ಕಾರಣವೇ ಬದಲಾಗುತ್ತದೆ. ರಾಯಲಸೀಮೆಯ ಕುಲವೈರದ ಮನೆಯಿಂದ ಮಗುವನ್ನು ಉಳಿಸಿಕೊಂಡು ಹೊರಬರಬೇಕಾದ ವಿಧವೆಗೆ ಮೌನವು ವಿಧೇಯತೆಯಲ್ಲ, ಉಪಾಯ.

ಗಿರೀಶ್ ಕಾಸರವಳ್ಳಿಯವರ ‘ದ್ವೀಪ’ (2002) ಈ ದಾರಿಯ ಮುಂದಿನ ಹೆಜ್ಜೆಯೇ ಹೊರತು ಹೊಸ ಜನ್ಮವಲ್ಲ. ನಾ. ಡಿಸೋಜರ ಕಾದಂಬರಿಯನ್ನು ಆಧರಿಸಿದ ಈ ಚಿತ್ರದಲ್ಲಿ ಅಣೆಕಟ್ಟಿನ ಹಿನ್ನೀರು ಏರುತ್ತಿದ್ದರೂ ನೆಲೆ ಬಿಡದ ಸಂಸಾರದ ಸೊಸೆ ನಾಗಿ ಅವರ ಪಾತ್ರ. ಮಳೆಯಲ್ಲಿ ಮನೆಯನ್ನು ಉಳಿಸುವ ದುಡಿಮೆ ಆಕೆಯದು. ನೀರು ಇಳಿದಾಗ ಗಂಡನು ಅದನ್ನು ದೇವರ ಕೃಪೆಯೆಂದು ಬಗೆಯುತ್ತಾನೆ. ಆ ಕ್ಷಣದಲ್ಲಿ ಅವರ ಮುಖದಲ್ಲಿ ಕಾಣುವುದು ಕೋಪವೂ ಅಲ್ಲ, ಅಳುವೂ ಅಲ್ಲ. ತನ್ನ ಶ್ರಮವು ಲೆಕ್ಕಕ್ಕೆ ಬಾರದೆ ಹೋಯಿತೆಂಬ ಅರಿವು. ಚಿತ್ರದ ನಿರ್ಮಾಪಕಿಯೂ ಅವರೇ. 1943ರಲ್ಲಿ ‘ರಾಧಾರಮಣ’ವನ್ನು ನಿರ್ಮಿಸಿದ ರಾಜಮ್ಮನವರ ಪರಂಪರೆಗೆ ಅವರು ಸೇರಿದ್ದು ಹೀಗೆ. 2001ನೆಯ ಸಾಲಿನ ಅತ್ಯುತ್ತಮ ಕಥಾಚಿತ್ರವೆಂಬ ರಾಷ್ಟ್ರಪ್ರಶಸ್ತಿ ‘ದ್ವೀಪ’ಕ್ಕೆ ಸಂದಿತು. ಅದಕ್ಕೆ ಬೇಕಾದ ಬಲವನ್ನು ನೆರೆಭಾಷೆಗಳ ಜನಪ್ರಿಯ ಚಿತ್ರಗಳೇ ಒದಗಿಸಿದವೆಂಬುದನ್ನು, ‘ದ್ವೀಪ’ವನ್ನು ಹೊಗಳಿ ಆ ಚಿತ್ರಗಳನ್ನು ಹಳಿಯುವವರು ಯೋಚಿಸಬೇಕು.

ಅವರು ಗತಿಸಿದ ಬಳಿಕ 2004ರ ಆಗಸ್ಟಿನಲ್ಲಿ ತೆರೆಕಂಡ ‘ಆಪ್ತಮಿತ್ರ’ವು ನಮ್ಮ ವಾದಕ್ಕೆ ಕಡೆಯ ಸಾಕ್ಷಿ. ಅದರ ಮೂಲ ಮಲಯಾಳದ ‘ಮಣಿಚಿತ್ರತಾಳು’ (1993). ಅಲ್ಲಿ ನಾಗವಲ್ಲಿಯು ತಮಿಳು ನರ್ತಕಿ, ಪಿ. ವಾಸು ಅವರ ಕನ್ನಡ ರೂಪದಲ್ಲಿ ತೆಲುಗಿನವಳು. ಕನ್ನಡದ ಗೃಹಿಣಿ ಗಂಗೆ, ತೆಲುಗಿನ ನರ್ತಕಿ ನಾಗವಲ್ಲಿ, ಇಬ್ಬರೂ ಒಂದೇ ದೇಹದಲ್ಲಿದ್ದಾರೆ. ಹಿಂದೆ ಇಬ್ಬರು ನಟಿಯರಿಗೆ ಹಂಚಿಹೋಗಿದ್ದ ಸಂಯಮವೂ ರೋಷವೂ ಇಲ್ಲಿ ಒಬ್ಬರಲ್ಲಿಯೇ ಕೂಡಿದವು. ನಾಗವಲ್ಲಿಯ ಆವೇಶವು ಕೆಲವೆಡೆ ಅತಿಯಾಗಿದೆ ಎಂದು ಹೇಳಬಹುದು. ಆದರೆ ಗಂಗೆಯ ಸೌಮ್ಯಮುಖದಲ್ಲಿ ಅದು ಮೆಲ್ಲಮೆಲ್ಲನೆ ಇಣುಕುವ ಬಗೆಯು ಅಭ್ಯಾಸಯೋಗ್ಯವಾದುದು.

ಕಥೆಯಲ್ಲಿ ಎರಡು ಭಾಷೆಗಳು ಕೂಡಿದ್ದು ರೋಗವಾಗಿ. ನಟಿಯಲ್ಲಿ ಕೂಡಿದ್ದು ಶಕ್ತಿಯಾಗಿ. ಈ ಶಕ್ತಿಯನ್ನು ಕನ್ನಡದ ಪಾಲೆಷ್ಟು, ತೆಲುಗಿನ ಪಾಲೆಷ್ಟು ಎಂದು ಭಾಗಮಾಡುವುದು ವ್ಯರ್ಥ. ಜಿಲ್ಲೆಯ ಸಾಂಸ್ಕೃತಿಕ ಚರಿತ್ರೆಯನ್ನು ಅಭ್ಯಸಿಸುವ ನಮ್ಮ ವಿದ್ಯಾರ್ಥಿಗಳು ಐದು ಭಾಷೆಗಳಲ್ಲಿ ಹರಡಿರುವ ಅವರ ಚಿತ್ರಗಳನ್ನು ಕಾಲಕ್ರಮದಲ್ಲಿ ಇಟ್ಟುಕೊಂಡು ನೋಡಲಿ. ಹಾಗೆ ನೋಡಿದವರಿಗೆ ಊರಿನ ಹೆಮ್ಮೆಯಾಗಲಿ ಮರಣದ ಮರುಕವಾಗಲಿ ಬೇಕಾಗದು, ಕೆಲಸವೇ ಸಾಕಾಗುವುದು.