ಗಾಳಿಯ ಹಂಚಿಕೆ: ಡೀಸೆಲ್ ಎಂಜಿನ್ನಿನ ವರ್ಣನೆಯಲ್ಲಿ ಎರಡು ರೂಪಕಗಳು

ಶಾಸ್ತ್ರವಿಷಯಗಳನ್ನು ಕನ್ನಡದಲ್ಲಿ ಬರೆಯುವವರು ಪಾರಿಭಾಷಿಕ ಪದಗಳ ವಿಚಾರದಲ್ಲಿ ತೋರುವಷ್ಟು ಎಚ್ಚರಿಕೆಯನ್ನು ರೂಪಕಗಳ ವಿಚಾರದಲ್ಲಿ ತೋರುವುದು ಅಪೂರ್ವ. ಪದವು ಅಪರಿಚಿತವಾದರೆ ಓದುವವನು ತಡೆದು ನಿಂತು ಅರ್ಥವನ್ನು ವಿಚಾರಿಸುತ್ತಾನೆ. ರೂಪಕವು ಪರಿಚಿತವಾದುದರಿಂದ ವಿಚಾರಿಸದೆಯೇ ಒಪ್ಪಿಬಿಡುತ್ತಾನೆ. ಲಾರಿಯ ಡೀಸೆಲ್ ಎಂಜಿನ್ನಿಗೆ ಗಾಳಿಯು ಸೇರುವ ಬಗೆಯನ್ನು ವಿವರಿಸಹೊರಟವನಿಗೆ ಇಂಥ ರೂಪಕಗಳೆರಡು ಸುಲಭವಾಗಿ ಒದಗುತ್ತವೆ. ಒಂದು ಉಸಿರಾಟ, ಇದು ಇಂಗ್ಲಿಷಿನ ಯಂತ್ರಶಾಸ್ತ್ರದ ಬರಹಗಳಲ್ಲಿ ರೂಢಿಯಾದುದು. ಮತ್ತೊಂದು ಕಾಲುವೆ, ಇದು ನೀರಾವರಿಯನ್ನು ಕಂಡ ನಾಡಿನಲ್ಲಿ ಯಾರಿಗಾದರೂ ತೋಚತಕ್ಕದ್ದು.

ವಿಷಯವು ಹೀಗಿದೆ. ರುಡಾಲ್ಫ್ ಡೀಸೆಲನು ೧೮೯೨ರಲ್ಲಿ ಹಕ್ಕುಪತ್ರಕ್ಕೆ ಅರ್ಜಿಮಾಡಿ, ೧೮೯೭ರಲ್ಲಿ ಆಗ್ಸ್‌ಬರ್ಗಿನಲ್ಲಿ ಯಶಸ್ವಿಯಾಗಿ ನಡೆಯಿಸಿ ತೋರಿದ ಯಂತ್ರದಲ್ಲಿ ಸಿಲಿಂಡರಿನೊಳಗೆ ಮೊದಲು ಹೋಗುವುದು ಬರಿಯ ಗಾಳಿ. ಅದು ಅದುಮಲ್ಪಟ್ಟು ಕಾದ ಮೇಲೆ ಇಂಧನವು ಚಿಮ್ಮಿ ಹೊತ್ತಿಕೊಳ್ಳುತ್ತದೆ. ಇಂಧನವನ್ನು ಪ್ರತಿಯೊಂದು ಸಿಲಿಂಡರಿಗೂ ಸಮನಾಗಿ ಅಳೆದುಕೊಡುವ ಏರ್ಪಾಡುಂಟು. ಗಾಳಿಯನ್ನು ಹಾಗೆ ಬೇರೆಬೇರೆಯಾಗಿ ಅಳೆದುಕೊಡುವ ಏರ್ಪಾಡಿಲ್ಲ. ಮ್ಯಾನಿಫೋಲ್ಡು ಎಂದು ಕರೆಯುವ ಒಂದೇ ಕೊಳವೆಯಿಂದ ಆರು ಸಿಲಿಂಡರುಗಳೂ ತಮತಮಗೆ ಸಿಕ್ಕಷ್ಟನ್ನು ಪಡೆಯುತ್ತವೆ. ಒಂದು ತೂಕ ಡೀಸೆಲ್ ಎಣ್ಣೆ ಪೂರ್ಣವಾಗಿ ಉರಿಯುವುದಕ್ಕೆ ಸುಮಾರು ೧೪.೫ ತೂಕ ಗಾಳಿ ಬೇಕು. ಹೊಗೆಯಿಲ್ಲದೆ ಉರಿಯಬೇಕಾದರೆ ಅದಕ್ಕಿಂತಲೂ ಸಾಕಷ್ಟು ಹೆಚ್ಚು ಬೇಕು. ಆರು ಸಿಲಿಂಡರುಗಳ ಸರಾಸರಿ ೨೦ ಪಾಲು ಎಂದಿಟ್ಟುಕೊಂಡು, ಒಂದಕ್ಕೆ ಮಾತ್ರ ನೂರಕ್ಕೆ ೮ರಷ್ಟು ಕಡಮೆಯಾಯಿತೆನ್ನೋಣ. ಅದಕ್ಕೆ ದೊರೆಯುವುದು ೧೮.೪, ಉಳಿದ ಐದಕ್ಕೆ ತಲಾ ೨೦.೩೨. ಸರಾಸರಿಯಲ್ಲಿ ಯಾವ ದೋಷವೂ ಕಾಣದು. ಆದರೂ ಕರಿಹೊಗೆಯನ್ನು ಮೊದಲು ಉಗುಳುವುದು, ಹೆಚ್ಚು ಕಾಯುವುದು ಆ ಒಂದೇ.

ಉಸಿರಾಟದ ರೂಪಕವು ಮುಚ್ಚಿಡುವುದು ಇದನ್ನೇ. ಉಸಿರಾಡುವ ಪ್ರಾಣಿ ಒಂದು. ಅದಕ್ಕೆ ಗಾಳಿ ಸಾಕು ಅಥವಾ ಸಾಲದು. ಎಂಜಿನ್ನು ಹಾಗಲ್ಲ, ೧-೫-೩-೬-೨-೪ ಎಂಬ ಸರದಿಯಲ್ಲಿ ಬಾಯ್ದೆರೆಯುವ ಆರು ಜೀವಗಳ ಕುಟುಂಬವದು. ‘ಎಂಜಿನ್ನಿಗೆ ಉಸಿರು ಸಾಲದು’ ಎಂದೊಡನೆಯೇ ಹೊಳೆಯುವ ಪರಿಹಾರವೆಂದರೆ ಇನ್ನಷ್ಟು ಗಾಳಿಯನ್ನು ಒತ್ತಿ ತುಂಬುವುದು. ೧೯೦೫ರಲ್ಲಿ ಆಲ್ಫ್ರೆಡ್ ಬ್ಯೂಕಿ ಹಕ್ಕುಪತ್ರ ಪಡೆದ ಟರ್ಬೊಚಾರ್ಜರು ಈ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಆದರೆ ಅದು ಹೆಚ್ಚಿಸುವುದು ಮೊತ್ತವನ್ನು; ಪಾಲಿನ ಪ್ರಮಾಣ ಬಹುಮಟ್ಟಿಗೆ ಹಿಂದಿದ್ದಂತೆಯೇ ಉಳಿಯುತ್ತದೆ. ಹೆಚ್ಚಿದ ಗಾಳಿಗೆ ತಕ್ಕಂತೆ ಇಂಧನವನ್ನೂ ಹೆಚ್ಚಿಸಿದರೆ, ಕೊರತೆಯಿದ್ದ ಸಿಲಿಂಡರು ಮೊದಲಿಗಿಂತ ಹೆಚ್ಚು ಬೇಗೆಯಲ್ಲಿ ಕೊರತೆಯನ್ನು ಅನುಭವಿಸುತ್ತದೆ, ಅಷ್ಟೇ.

ಕಾಲುವೆಯ ರೂಪಕವು ಇದಕ್ಕಿಂತ ಮೇಲು. ಹಂಚಿಕೆಯೆಂಬ ಭಾವವನ್ನು ಅದು ಒಳಗೊಂಡಿದೆ. ಆದರೆ ಅದರ ಅಪಾಯವೂ ಹೆಚ್ಚು. ಕಾಲುವೆಯಲ್ಲಿ ತೂಬಿನ ಬಳಿಯ ಗದ್ದೆಗೆ ನೀರು ಧಾರಾಳ, ತುದಿಯ ಗದ್ದೆಗೆ ಕೊರತೆ. ಇದು ಯಾವ ರೈತನನ್ನು ಕೇಳಿದರೂ ತಿಳಿಯುವ ಸಂಗತಿ. ಅದನ್ನೇ ಮ್ಯಾನಿಫೋಲ್ಡಿಗೆ ಅನ್ವಯಿಸಿ, ಗಾಳಿ ಒಂದು ಕೊನೆಯಿಂದ ಪ್ರವೇಶಿಸುವುದಾದರೆ ಮತ್ತೊಂದು ಕೊನೆಯ ಸಿಲಿಂಡರು ಬಡವಾಗಿರಬೇಕೆಂದು ಊಹಿಸುವುದು ಸಹಜ. ಅನೇಕವೇಳೆ ಆಗುವುದು ಇದರ ವಿಪರೀತ. ವೇಗವಾಗಿ ನುಗ್ಗಿದ ಗಾಳಿಯು ಮೊದಲ ಕವಲಿನೊಳಕ್ಕೆ ಥಟ್ಟನೆ ತಿರುಗಲಾರದೆ ಅದನ್ನು ದಾಟಿಹೋಗುತ್ತದೆ. ಕವಲುಕವಲಿಗೂ ಪಾಲು ಹಂಚಿದಂತೆ ಉಳಿದ ಗಾಳಿಯ ವೇಗ ತಗ್ಗುತ್ತದೆ. ವೇಗ ತಗ್ಗಿದೆಡೆ ಒತ್ತಡ ಏರುತ್ತದೆ. ೧೭೩೮ರಲ್ಲಿ ಡೇನಿಯಲ್ ಬರ್ನೂಲಿ ಪ್ರಕಟಿಸಿದ ಗ್ರಂಥದ ತತ್ತ್ವವೇ ಇದು. ಗೋಡೆಯ ತಿಕ್ಕಾಟದಿಂದ ಒತ್ತಡ ಇಳಿಯುವುದೂ ಉಂಟು. ಆದರೆ ಕೊಳವೆ ಗಿಡ್ಡವಾದುದರಿಂದ ಆ ನಷ್ಟ ಅಲ್ಪ. ಹೀಗಾಗಿ ತುದಿಯವನೇ ಸಿರಿವಂತನಾಗುವುದುಂಟು. ಕಾಲುವೆಯನ್ನು ಮನಸ್ಸಿನಲ್ಲಿಟ್ಟುಕೊಂಡು ತುದಿಯ ಕವಲನ್ನು ಅಗಲಿಸಿದವನು ಉಳ್ಳವನಿಗೇ ಮತ್ತಷ್ಟು ಬಡಿಸಿದಂತಾಗುತ್ತದೆ.

ಇಲ್ಲಿ ಇನ್ನೊಂದು ಸ್ವಾರಸ್ಯವಿದೆ. ಕಾಲುವೆಯೂ ತುದಿಯ ಕಡೆಗೆ ಕಿರಿದಾಗುತ್ತದೆ. ಕೆಲವು ಮ್ಯಾನಿಫೋಲ್ಡುಗಳನ್ನೂ ಹಾಗೆಯೇ ಕಿರಿದುಮಾಡುತ್ತಾರೆ. ಕಾಲುವೆಯನ್ನು ಕಿರಿದುಮಾಡುವುದು ಅಲ್ಲಿ ಹರಿಯಬೇಕಾದ ನೀರು ಕಡಮೆಯೆಂದು. ಕೊಳವೆಯನ್ನು ಕಿರಿದುಮಾಡುವುದು ಗಾಳಿಯ ವೇಗ ತಗ್ಗಿ ತುದಿಯಲ್ಲಿ ಒತ್ತಡ ಏರದಿರಲೆಂದು. ಆಕಾರ ಒಂದೇ ಆದರೂ ಕಾರಣ ಬೇರೆ. ರೂಪಕವನ್ನು ನೆಚ್ಚಿದವನಿಗೆ ಈ ಭೇದ ಹೊಳೆಯುವುದು ಕಷ್ಟ. ಗಾಳಿಯನ್ನು ನಡುವಿನಿಂದ ಒಳಬಿಡುವುದು, ಕವಲುಗಳ ಬಾಯಿಯನ್ನು ಕಹಳೆಯಂತೆ ಅರಳಿಸುವುದು, ಮ್ಯಾನಿಫೋಲ್ಡಿನ ಒಡಲನ್ನು ಹಿರಿದುಮಾಡಿ ವೇಗವನ್ನು ಮೊದಲೇ ತಗ್ಗಿಸುವುದು ಇವು ಉಳಿದ ಉಪಾಯಗಳು.

‘ಸಮತೋಲ’ ಎಂಬ ಪದದ ವಿಷಯವಾಗಿಯೂ ಒಂದು ಮಾತು. ತೂಕದ ಭಾವವುಳ್ಳದ್ದಾದುದರಿಂದ ಅದು ಇಲ್ಲಿಗೆ ಒಪ್ಪುವಂತೆಯೇ ತೋರುತ್ತದೆ. ಸಮನಾಗಬೇಕಾದುದು ಗಾಳಿಯ ಗಾತ್ರವಲ್ಲ, ತೂಕವೇ ಸರಿ. ಆದರೆ ತಕ್ಕಡಿಗೆ ತಟ್ಟೆಗಳು ಎರಡೇ. ಅಲ್ಲದೆ ಎಂಜಿನ್ನಿನ ಮಾತಿನಲ್ಲಿ ಆ ಪದವನ್ನು ತಿರುಗುವ ದಂಡದ ಭಾರಗಳಿಗೆ ಆಗಲೇ ಸಲ್ಲಿಸಿಯಾಗಿದೆ. ‘ಸಮಹಂಚಿಕೆ’ ಎಂದರೆ ಈ ಗೊಂದಲವಿರದು. ಮ್ಯಾನಿಫೋಲ್ಡಿಗೆ ಸಂಸ್ಕೃತದ ಹೆಸರನ್ನು ಹುಡುಕುವುದೂ ಅನಾವಶ್ಯಕ. ಲಾರಿಯನ್ನು ರಿಪೇರಿಮಾಡುವವರ ಬಾಯಲ್ಲಿ ಆ ಪದ ಈಗಾಗಲೇ ನೆಲೆಸಿದೆ.

ಇನ್ನು ಪರೀಕ್ಷೆಯ ವಿಚಾರ. ಒಂದು ವಾಲ್ವನ್ನು ತೆರೆದಿಟ್ಟು, ಸಾಮಾನ್ಯವಾಗಿ ೨೮ ಅಂಗುಲ ನೀರಿನ ಒತ್ತಡದ ಅಂತರದಲ್ಲಿ, ಒಂದೇ ಸಮನೆ ಗಾಳಿಯನ್ನು ಹಾಯಿಸಿ ಅಳೆಯುವ ಕ್ರಮವುಂಟು. ಅದು ಒಂದು ದಾರಿಯ ಗುಣವನ್ನು ತಿಳಿಸೀತೇ ಹೊರತು, ನೆರೆಯ ವಾಲ್ವುಗಳು ತೆರೆದು ಮುಚ್ಚುವಾಗ ಗಾಳಿಯು ಹಿಂದುಮುಂದಕ್ಕೆ ಅಲೆಯಾಡುವುದನ್ನು ತಿಳಿಸಲಾರದು. ಆ ಅಲೆಯಾಟದಿಂದಾಗಿ ಒಂದು ವೇಗದಲ್ಲಿ ಬಡವಾಗಿದ್ದ ಸಿಲಿಂಡರು ಮತ್ತೊಂದು ವೇಗದಲ್ಲಿ ಬಡವಾಗಿರಬೇಕೆಂಬ ನಿಯಮವಿಲ್ಲ. ಆದುದರಿಂದ ಎಂಜಿನ್ನನ್ನು ಹೊರೆಯೊಡನೆ ನಡೆಯಿಸಿ, ಹೊಗೆಯು ಒಂದುಗೂಡುವ ಮೊದಲೇ ಆರು ಕವಲುಗಳ ಉಷ್ಣತೆಯನ್ನೂ, ಹಲವು ವೇಗಗಳಲ್ಲಿ, ಬೇರೆಬೇರೆಯಾಗಿ ಅಳೆಯಬೇಕಾಗುತ್ತದೆ.