‘ಅಜ್ಜಿ’ ಎಂಬುದು ಹೆಸರಲ್ಲ

ಮನೆತನದ ಛಾಯಾಚಿತ್ರವು ವಂಶಾವಳಿಯ ಅಧ್ಯಯನಕ್ಕೆ ಆಧಾರವಾಗಬೇಕಾದರೆ ಅದರಲ್ಲಿರುವವರು ಯಾರು, ಅದನ್ನು ತೆಗೆದದ್ದು ಯಾವಾಗ, ಎಲ್ಲಿ ಎಂಬ ಮೂರು ಸಂಗತಿಗಳು ಚಿತ್ರದ ಜೊತೆಯಲ್ಲೇ ಉಳಿದು ಬರಬೇಕು. ಹಜಾರದ ಗೋಡೆಗೆ ಕಟ್ಟು ಹಾಕಿಸಿ ತೂಗುಬಿಟ್ಟ ಪಟಗಳನ್ನೂ ಟ್ರಂಕಿನ ತಳದಲ್ಲಿ ಸೀರೆಗಳ ನಡುವೆ ಸಿಕ್ಕಿದ ಆಲ್ಬಮ್ಮುಗಳನ್ನೂ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಇಳಿಸುವ ಉತ್ಸಾಹ ಈಗ ಅನೇಕ ಮನೆಗಳಲ್ಲಿ ಕಾಣುತ್ತಿದೆ. ಆದರೆ ಹಾಗೆ ಇಳಿಸಿದ ಕಡತಗಳ ಹೆಸರುಗಳನ್ನು ನೋಡಿದರೆ ಆ ಶ್ರಮದ ಅರ್ಧ ಫಲ ಅಲ್ಲೇ ಸೋರಿಹೋಗುತ್ತಿರುವುದು ತಿಳಿಯುತ್ತದೆ. ‘ಅಜ್ಜಿ’, ‘ಅಜ್ಜಿ ಹಳೇ ಫೋಟೊ’, ‘ಮಾವನ ಮದುವೆ’ ಎಂಬಂಥ ಹೆಸರುಗಳು ಅವುಗಳನ್ನು ಇಟ್ಟವರಿಗೆ ಸ್ಫಟಿಕದಷ್ಟು ಸ್ಪಷ್ಟ. ಅವರ ಮಕ್ಕಳಿಗೆ ಅರ್ಧಂಬರ್ಧ. ಮೊಮ್ಮಕ್ಕಳಿಗೆ ಏನೇನೂ ಅಲ್ಲ. ಅಜ್ಜಿ, ಅತ್ತೆ, ಚಿಕ್ಕಮ್ಮ, ಅತ್ತಿಗೆ ಇವೆಲ್ಲ ಸಂಬಂಧವಾಚಕಗಳು, ಎಂದರೆ ಕರೆಯುವವರು ಯಾರೆಂಬುದು ಗೊತ್ತಿದ್ದಾಗ ಮಾತ್ರ ಅರ್ಥ ಕೊಡುವ ಪದಗಳು. ಒಬ್ಬರೇ ಹೆಂಗಸು ಒಂದೇ ಚಾವಡಿಯಲ್ಲಿ ಕುಳಿತಿರುವಾಗಲೂ ಈ ನಾಲ್ಕೂ ಆಗಿರಬಲ್ಲರು. ಕರೆದವರ ದನಿ ಹೋದ ಮೇಲೆ ಪದ ಉಳಿಯುತ್ತದೆ, ವ್ಯಕ್ತಿ ಉಳಿಯುವುದಿಲ್ಲ.

ಹೆಸರನ್ನೇ ಇಡದೆ ಬಿಟ್ಟ ಕಡತಗಳ ಪಾಡು ಇದಕ್ಕಿಂತ ಭಿನ್ನವಲ್ಲ. ಡಿಜಿಟಲ್ ಕ್ಯಾಮೆರಾಗಳು ಚಿತ್ರಗಳಿಗೆ ಹೆಸರಿಡುವ ರೀತಿಯನ್ನು ಜಪಾನಿನ ಉದ್ಯಮಸಂಸ್ಥೆಯೊಂದು 1998ರಲ್ಲಿ ‘ಡಿಸಿಎಫ್’ ಎಂಬ ನಿಯಮಾವಳಿಯಲ್ಲಿ ನಿಗದಿಪಡಿಸಿತು. ಅದರ ಪ್ರಕಾರ ಮೊದಲ ನಾಲ್ಕು ಸ್ಥಾನ ಅಕ್ಷರಗಳಿಗೆ, ಮುಂದಿನ ನಾಲ್ಕು ಸ್ಥಾನ 0001ರಿಂದ 9999ರವರೆಗಿನ ಅಂಕಿಗಳಿಗೆ ಮೀಸಲಾದುದರಿಂದ, ಹತ್ತು ಸಾವಿರ ಚಿತ್ರಗಳಾಗುವಷ್ಟರಲ್ಲಿ ಎಣಿಕೆ ಮತ್ತೆ ಮೊದಲಿಗೆ ಬರುತ್ತದೆ. ಅಣ್ಣನ ಕ್ಯಾಮೆರಾದ ‘ಡಿಎಸ್‌ಸಿ 0412’ ಮತ್ತು ತಂಗಿಯ ಕ್ಯಾಮೆರಾದ ‘ಡಿಎಸ್‌ಸಿ 0412’ ಒಂದೇ ಫೋಲ್ಡರಿನಲ್ಲಿ ಸೇರಿದ ದಿನ ಎರಡರಲ್ಲೊಂದು ಅಳಿಸಿಹೋಗುವ ಅಪಾಯವುಂಟು. ವಾಟ್ಸ್‌ಆ್ಯಪ್ ಮೂಲಕ ಬಂದ ಚಿತ್ರದ ಹೆಸರಿನಲ್ಲಿ ತಾರೀಖು ಇರುತ್ತದೆ ನಿಜ, ಆದರೆ ಅದು ಚಿತ್ರ ಕೈಗೆ ಬಂದ ತಾರೀಖು. ಅರವತ್ತು ವರ್ಷ ಹಿಂದಿನ ಮದುವೆಯ ಪಟವನ್ನು 2024ರ ಯುಗಾದಿಯಂದು ಯಾರೋ ಹಂಚಿಕೊಂಡರೆ ಅದರ ಹೆಸರಿನಲ್ಲಿ 20240409 ಎಂದು ಕೂರುತ್ತದೆ. ಹೀಗೆ ಬಂದ ಚಿತ್ರವು ಗಾತ್ರದಲ್ಲಿ ಕುಗ್ಗಿ, ತನ್ನೊಳಗಿನ ಮಾಹಿತಿಯನ್ನೂ ಕಳೆದುಕೊಂಡಿರುತ್ತದೆಯಾದ್ದರಿಂದ, ಕಳಿಸಿದವರನ್ನು ಹುಡುಕಿ ಮೂಲ ಪ್ರತಿಯನ್ನೇ ಕೇಳಿ ಪಡೆಯುವುದು ಸಂಗ್ರಾಹಕರ ಮೊದಲ ಕರ್ತವ್ಯ.

ಚಿತ್ರದ ಒಳಗಿನ ಮಾಹಿತಿ ಎಂದರೆ ‘ಎಕ್ಸಿಫ್’ ಎಂದು ಕರೆಯಲ್ಪಡುವ, ಕ್ಯಾಮೆರಾ ತಾನಾಗಿಯೇ ಬರೆದಿಡುವ ಟಿಪ್ಪಣಿ. ಅದರಲ್ಲಿ ಚಿತ್ರ ತೆಗೆದ ಕಾಲಕ್ಕೆ ಒಂದು ಜಾಗ, ಚಿತ್ರವನ್ನು ಡಿಜಿಟಲ್ ರೂಪಕ್ಕೆ ತಂದ ಕಾಲಕ್ಕೆ ಬೇರೆಯೇ ಜಾಗ ಇವೆ. ಹಳೆಯ ಪಟವನ್ನು ಸ್ಕ್ಯಾನ್ ಮಾಡಿದಾಗ ತಿಳಿದುಬರುವುದು ಎರಡನೆಯದು ಮಾತ್ರ. ಮೊದಲನೆಯದನ್ನು ಮನುಷ್ಯರೇ ತುಂಬಬೇಕು, ಇಲ್ಲದಿದ್ದರೆ 1958ರ ಉಪನಯನ 2021ರ ಚಿತ್ರಗಳ ಸಾಲಿನಲ್ಲಿ ಹೋಗಿ ಕುಳಿತುಕೊಳ್ಳುತ್ತದೆ.

ಈ ತಾರೀಖು ತುಂಬುವ ಕೆಲಸವೇ ಕನ್ನಡದ ಮನೆಗಳಲ್ಲಿ ಒಂದು ಚಿಕ್ಕ ಸಂಶೋಧನೆ. ಪಟದ ಬೆನ್ನಿಗೆ ಮಾಸಿದ ಶಾಯಿಯಲ್ಲಿ ‘ಸರ್ವಜಿತು ಸಂ|| ವೈಶಾಖ ಬ||’ ಎಂದಷ್ಟೇ ಬರೆದಿದ್ದರೆ ಅದು ಸರ್ವಜಿತು ಸಂವತ್ಸರದ ವೈಶಾಖ ಬಹುಳ ಪಕ್ಷ. ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುವುದರಿಂದ ಅದು 1887 ಆಗಿರಬಹುದು, 1947 ಆಗಿರಬಹುದು, 2007ಕ್ಕೂ ಅದೇ ಹೆಸರು. ದಪ್ಪ ರಟ್ಟಿಗೆ ಅಂಟಿಸದ, ಅಂಚು ಕಚ್ಚುಕಚ್ಚಾಗಿ ಕತ್ತರಿಸಿದ ಕಪ್ಪು-ಬಿಳುಪು ಪಟವಾದರೆ ನಡುವಿನ ವರ್ಷವೇ ಸರಿಹೋಗುತ್ತದೆ, ಬಹುಳ ಪಕ್ಷವೆಂದರೆ ಆ ವರ್ಷದ ಮೇ ತಿಂಗಳು. ಅದೇ ಸಂವತ್ಸರದ ಮಾಘ ಎಂದಿದ್ದರೆ ಮಾತ್ರ ಲೆಕ್ಕ 1948ಕ್ಕೆ ದಾಟುತ್ತದೆ, ಏಕೆಂದರೆ ಸಂವತ್ಸರ ಆರಂಭವಾಗುವುದು ಯುಗಾದಿಯಿಂದ, ಜನವರಿಯಿಂದ ಅಲ್ಲ. ಈ ಒಂದು ವರ್ಷದ ಎಡವು ವಂಶಾವಳಿಗಳಲ್ಲಿ ಪದೇ ಪದೇ ಕಾಣುತ್ತದೆ. ಶ್ರಾದ್ಧದ ತಿಥಿಯನ್ನು ಎಂದೂ ತಪ್ಪದೆ ನೆನಪಿಟ್ಟ ಮನೆಗಳಲ್ಲೇ ತೀರಿಕೊಂಡ ಇಸವಿಯ ವಿಷಯದಲ್ಲಿ ಎರಡು ಅಭಿಪ್ರಾಯಗಳಿರುವುದಕ್ಕೆ ಇದೂ ಒಂದು ಕಾರಣ.

ಲೆಕ್ಕ ಕಟ್ಟಿದ ತಾರೀಖನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಬರೆಯುವುದು ಉಚಿತ. 1988ರಲ್ಲಿ ಪ್ರಕಟವಾದ ಐಎಸ್‌ಒ 8601 ಎಂಬ ಅಂತರರಾಷ್ಟ್ರೀಯ ಮಾನಕ ಸೂಚಿಸುವುದೂ ಇದನ್ನೇ. ವರ್ಷ ಮುಂದಿದ್ದರೆ ಕಡತಗಳು ತಾವಾಗಿಯೇ ಕಾಲಾನುಕ್ರಮದಲ್ಲಿ ನಿಲ್ಲುತ್ತವೆ. ದಶಕವಷ್ಟೇ ಗೊತ್ತಿದ್ದರೆ ಕೊನೆಯ ಅಂಕಿಯ ಜಾಗದಲ್ಲಿ ಎಕ್ಸ್ ಅಕ್ಷರವನ್ನು ಹಾಕಬಹುದೆಂದು ಅದೇ ಮಾನಕದ 2019ರ ಎರಡನೆಯ ಭಾಗ ಅವಕಾಶ ಕೊಡುತ್ತದೆ. ಗೊತ್ತಿಲ್ಲದ ದಿನಕ್ಕೆ ಜನವರಿ 1 ಎಂದು ತುಂಬುವ ಚಾಳಿಯನ್ನು ಮಾತ್ರ ಬಿಡಲೇಬೇಕು. ಖಾಲಿ ಬಿಟ್ಟ ಜಾಗವನ್ನು ಮುಂದಿನವರು ತುಂಬಿಯಾರು, ತಪ್ಪಾಗಿ ತುಂಬಿದ್ದನ್ನು ಯಾರೂ ಅನುಮಾನಿಸುವುದಿಲ್ಲ.

ತಾರೀಖಿಗಿಂತ ತೊಡಕಿನದು ವ್ಯಕ್ತಿಗಳ ಹೆಸರು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬಲ್ಲಿ ಊರು, ತಂದೆ, ಸ್ವಂತ ಹೆಸರು ಈ ಕ್ರಮದಲ್ಲಿವೆ. ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಎಂಬಲ್ಲಿ ಸ್ವಂತ ಹೆಸರು ಮೊದಲು, ನಂತರ ತಂದೆ, ಕೊನೆಗೆ ಮನೆತನ. ಕೋಟ ಶಿವರಾಮ ಕಾರಂತ ಎಂಬಲ್ಲಿ ತಂದೆಯ ಹೆಸರೇ ಇಲ್ಲ. ಹಳೆ ಮೈಸೂರಿನ ಮನೆಯೊಂದು ಧಾರವಾಡದ ಕಡೆಯ ಮನೆಯೊಂದಿಗೆ ಬೀಗತನ ಬೆಳೆಸಿದರೆ ಎರಡು ಕ್ರಮಗಳೂ ಒಂದೇ ಆಲ್ಬಮ್ಮಿನಲ್ಲಿ ಬೆರೆಯುತ್ತವೆ, ಆಗ ‘ಮೊದಲ ಹೆಸರು, ಕೊನೆಯ ಹೆಸರು’ ಎಂದು ಎರಡು ಖಾನೆಗಳನ್ನು ಮಾತ್ರ ಕೊಡುವ ತಂತ್ರಾಂಶಗಳು ಕೈಚೆಲ್ಲುತ್ತವೆ. ಮೊಮ್ಮಗನಿಗೆ ತಾತನ ಹೆಸರಿಡುವ ಸಂಪ್ರದಾಯದಿಂದಾಗಿ ಒಂದೇ ಹೆಸರು ತಲೆಮಾರು ಬಿಟ್ಟು ತಲೆಮಾರಿಗೆ ಮರಳುತ್ತದೆ. ಹೆಣ್ಣುಮಕ್ಕಳ ವಿಷಯದಲ್ಲಂತೂ ನಷ್ಟ ಇನ್ನೂ ಹೆಚ್ಚು: ಕೆಲವು ಮನೆತನಗಳಲ್ಲಿ ಮದುವೆಯ ದಿನವೇ ವಧುವಿಗೆ ಹೊಸ ಹೆಸರಿಡುವ ರೂಢಿಯಿದ್ದು, ತವರಿನ ಆಲ್ಬಮ್ಮಿನಲ್ಲಿ ಒಂದು ಹೆಸರಿನಿಂದಲೂ ಗಂಡನ ಮನೆಯ ಆಲ್ಬಮ್ಮಿನಲ್ಲಿ ಇನ್ನೊಂದು ಹೆಸರಿನಿಂದಲೂ ಇರುವವಳು ಒಬ್ಬಳೇ ಎಂಬುದು ಮೂರನೆಯ ತಲೆಮಾರಿಗೆ ಮರೆತೇ ಹೋಗುತ್ತದೆ. ಎರಡೂ ಹೆಸರುಗಳನ್ನು ಒಟ್ಟಿಗೆ ಬರೆದಿಡುವುದು ಅವಳಿಗೆ ಸಲ್ಲಬೇಕಾದ ನ್ಯಾಯ.

ಈ ಕಾರಣಕ್ಕಾಗಿ ವಂಶಾವಳಿಯ ಅಧ್ಯಯನದಲ್ಲಿ ಪ್ರತಿಯೊಬ್ಬರಿಗೂ ಹೆಸರಿನ ಜೊತೆ ಒಂದು ಸಂಖ್ಯೆ ಕೊಡುವ ಪದ್ಧತಿ ಬೆಳೆದುಬಂದಿದೆ. ಆಸ್ಟ್ರಿಯಾದ ಇತಿಹಾಸಕಾರ ಮೈಕೇಲ್ ಐಟ್ಸಿಂಗರ್ 1590ರಲ್ಲಿ ಬಳಸಿದ, ಯುರೋಪಿನಲ್ಲಿ ಇಂದಿಗೂ ಬಳಕೆಯಲ್ಲಿರುವ ಕ್ರಮದಲ್ಲಿ ವಂಶಾವಳಿಯ ಆರಂಭದ ವ್ಯಕ್ತಿಗೆ 1, ತಂದೆಗೆ 2, ತಾಯಿಗೆ 3 ಎಂದಿದ್ದು, ಯಾರ ಸಂಖ್ಯೆಯನ್ನಾದರೂ ಇಮ್ಮಡಿ ಮಾಡಿದರೆ ಅವರ ತಂದೆಯದೂ, ಅದಕ್ಕೆ ಒಂದು ಸೇರಿಸಿದರೆ ತಾಯಿಯದೂ ಸಿಗುತ್ತದೆ. ತಂದೆಯ ತಂದೆ 4, ತಂದೆಯ ತಾಯಿ 5, ತಾಯಿಯ ತಾಯಿ 7. ಲೆಕ್ಕ ಸೊಗಸಾಗಿದೆ, ಆದರೆ ಸೋದರಮಾವನಿಗೆ ಸೊಸೆಯನ್ನು ಕೊಟ್ಟು ಮದುವೆ ಮಾಡುವ ನಮ್ಮ ಕಡೆಯ ರೂಢಿ ಅದರ ಕಣ್ಣಿಗೆ ಬಿದ್ದಿರಲಿಲ್ಲ. ಹಾಗೆ ಮದುವೆಯಾದವರ ಮಗುವನ್ನು 1 ಎಂದಿಟ್ಟುಕೊಂಡರೆ, ಆ ಮಗುವಿನ ತಂದೆಯ ತಂದೆಯೂ ತಾಯಿಯ ತಾಯಿಯ ತಂದೆಯೂ ಒಬ್ಬರೇ. ಹೀಗಾಗಿ ಆ ಒಬ್ಬ ಹಿರಿಯರಿಗೆ 4 ಎಂಬ ಸಂಖ್ಯೆಯೂ 14 ಎಂಬ ಸಂಖ್ಯೆಯೂ ಬರುತ್ತವೆ, ಅವರ ಹೆಂಡತಿಗೆ 5 ಮತ್ತು 15. ಅಲ್ಲದೆ ಈ ಕ್ರಮದಲ್ಲಿ ಒಡಹುಟ್ಟಿದವರಿಗೆ ಜಾಗವಿಲ್ಲ; ಆಸ್ತಿಯೂ ಬಳಿಯೂ ತಾಯಿಯ ಕಡೆಯಿಂದ ಸಾಗಿಬಂದ ಕರಾವಳಿಯ ಅಳಿಯಸಂತಾನದ ಕುಟುಂಬಗಳಲ್ಲಿ ಒಡಹುಟ್ಟಿದವರನ್ನೇ ಬಿಟ್ಟರೆ ವಂಶಾವಳಿಯೇ ಇಲ್ಲ. ಆದ್ದರಿಂದ ಇಲ್ಲಿಯ ಮನೆಗಳಿಗೆ ತಕ್ಕದ್ದೆಂದರೆ ಯಾವ ಅರ್ಥವನ್ನೂ ಹೊರದ ಸರಳ ಕ್ರಮಸಂಖ್ಯೆ: ಗುರುತು ಸಿಕ್ಕಿದ ಹಾಗೆಲ್ಲ ಒಬ್ಬೊಬ್ಬರಿಗೆ 001, 002, 003 ಎಂದು ಕೊಡುತ್ತ ಹೋಗಿ, ಒಂದು ಪ್ರತ್ಯೇಕ ಪಟ್ಟಿಯಲ್ಲಿ ಆ ಸಂಖ್ಯೆಯ ಮುಂದೆ ಅವರ ಎಲ್ಲ ಹೆಸರುಗಳನ್ನೂ ತಂದೆತಾಯಿಯರ ಸಂಖ್ಯೆಗಳನ್ನೂ ಬರೆಯುವುದು. ಎತ್ತಿನೊಡನೆ ಊರೂರು ಸುತ್ತಿ ಮನೆತನಗಳ ಪೀಳಿಗೆಗಳನ್ನು ಹಾಡಿ ಹೇಳುವ ಹೆಳವರು ಈಗಲೂ ಬಂದುಹೋಗುವ ಮನೆಯಾದರೆ, ಅವರು ಹೇಳಿದ್ದನ್ನು ಧ್ವನಿಮುದ್ರಿಸಿ ಆ ಪಟ್ಟಿಯೊಂದಿಗೆ ಹೋಲಿಸಿ ನೋಡುವುದು ಬಹಳ ಲಾಭದ ಕೆಲಸ.

ಇಷ್ಟನ್ನೆಲ್ಲ ಕಡತದ ಹೆಸರಿನಲ್ಲೇ ತುರುಕಲು ಹೋಗಬಾರದು. ‘1947-05_ಸಾಗರ_ಮದುವೆ_ಕ012_ಮುಂ’ ಎಂಬಷ್ಟು ಸಾಕು. ಇಲ್ಲಿ ಕ012 ಎಂಬುದು ಮೂಲ ಪಟವಿರುವ ಆಲ್ಬಮ್ಮಿನ ಗುರುತು ಮತ್ತು ಅದರಲ್ಲಿ ಪಟದ ಸಂಖ್ಯೆ, ‘ಮುಂ’ ಎಂಬುದು ಪಟದ ಮುಂಬದಿ. ಕನ್ನಡದಲ್ಲಿ ಹೆಸರಿಡಲು ಹಿಂಜರಿಯಬೇಕಾಗಿಲ್ಲ, ಆದರೆ ಯೂನಿಕೋಡ್ ಅಕ್ಷರಗಳನ್ನೇ ಬಳಸಬೇಕು. ಯೂನಿಕೋಡ್‌ಗೆ ಮುಂಚಿನ ಅಕ್ಷರವಿನ್ಯಾಸಗಳಲ್ಲಿ ಬರೆದಿಟ್ಟ ಕನ್ನಡ ಟಿಪ್ಪಣಿಗಳು ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ಗೊಂಚಲಾಗಿ ಕಾಣುತ್ತವೆ. ಉದ್ದದ ಮಿತಿಯನ್ನೂ ಗಮನಿಸಬೇಕು. ಲಿನಕ್ಸ್ ಮೊದಲಾದ ವ್ಯವಸ್ಥೆಗಳಲ್ಲಿ ಒಂದು ಕಡತದ ಹೆಸರು 255 ಬೈಟ್‌ಗಳನ್ನು ಮೀರುವಂತಿಲ್ಲ. ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು. ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ ‘ಶ್ರೀ’ ಒಳಗೆ ನಾಲ್ಕು ಸಂಕೇತಗಳಾಗಿ ಹನ್ನೆರಡು ಬೈಟ್ ತಿನ್ನುತ್ತದೆ. ವಿಂಡೋಸ್‌ನಲ್ಲಿ ಪ್ರಶ್ನಾರ್ಥಕ ಚಿಹ್ನೆ, ಓರೆಗೆರೆ, ವಿವರಣ ಚಿಹ್ನೆಗಳು ಹೆಸರಿನಲ್ಲಿ ನಿಷಿದ್ಧವಾದ್ದರಿಂದ ಅನುಮಾನವನ್ನು ಸೂಚಿಸಬೇಕಾದಲ್ಲಿ ‘ಸುಮಾರು’ ಎಂಬ ಪದವನ್ನೇ ಬರೆಯುವುದು ಕ್ಷೇಮ.

ಉಳಿದ ವಿವರವೆಲ್ಲ ಚಿತ್ರದ ಒಳಗೆ ಸೇರಬೇಕು. ಸುದ್ದಿಸಂಸ್ಥೆಗಳಿಗಾಗಿ ರೂಪುಗೊಂಡ ‘ಐಪಿಟಿಸಿ’ ಮತ್ತು ಅಡೋಬಿ ಸಂಸ್ಥೆ 2001ರಲ್ಲಿ ತಂದ ‘ಎಕ್ಸ್‌ಎಂಪಿ’ ಎಂಬ ಎರಡು ವ್ಯವಸ್ಥೆಗಳು ಚಿತ್ರದ ಕಡತದಲ್ಲೇ ವಿವರಣೆ, ಸ್ಥಳ, ವ್ಯಕ್ತಿಗಳ ಹೆಸರು ಬರೆಯಲು ಅನುವು ಮಾಡಿಕೊಡುತ್ತವೆ. ಉಚಿತವಾಗಿ ಸಿಗುವ ಡಿಜಿಕ್ಯಾಮ್ ತಂತ್ರಾಂಶದಲ್ಲಿ ಒಂದೊಂದು ಮುಖದ ಸುತ್ತಲೂ ಚೌಕ ಎಳೆದು ಹೆಸರು ಬರೆದರೆ ಅದನ್ನೂ ಕಡತದೊಳಗೇ ಉಳಿಸಬಹುದು. ಮೊಬೈಲಿನ ಮೋಡಸೇವೆಗಳಲ್ಲಿ ಮುಖಗಳಿಗೆ ಕೊಟ್ಟ ಹೆಸರುಗಳು ಸಾಮಾನ್ಯವಾಗಿ ಆ ಸೇವೆಯಲ್ಲೇ ಉಳಿಯುತ್ತವೆ, ಚಿತ್ರವನ್ನು ಹೊರತೆಗೆದಾಗ ಅದರೊಡನೆ ಬರುವುದಿಲ್ಲ ಎಂಬುದನ್ನು ತಿಳಿಯದೆ ವರ್ಷಗಟ್ಟಲೆ ಅಲ್ಲಿ ದುಡಿದವರನ್ನು ನೆನೆದರೆ ಮನಸ್ಸಿಗೆ ನೋವಾಗುತ್ತದೆ.

ಪಟದ ಮುಂಬದಿಯಷ್ಟೇ ಶ್ರದ್ಧೆಯಿಂದ ಹಿಂಬದಿಯನ್ನೂ ಸ್ಕ್ಯಾನ್ ಮಾಡಿ, ಅದೇ ಹೆಸರಿನ ಕೊನೆಯಲ್ಲಿ ‘ಹಿಂ’ ಎಂದು ಸೇರಿಸಿ ಜೋಡಿಯಾಗಿ ಇಡಬೇಕು, ಏಕೆಂದರೆ ಸ್ಟುಡಿಯೋದ ಮುದ್ರೆ, ಕೈಬರಹ, ಆಲ್ಬಮ್ಮಿನ ಕಪ್ಪು ಕಾಗದದ ಚೂರು, ಇವೆಲ್ಲ ಇರುವುದು ಬೆನ್ನಿನಲ್ಲೇ. ಗುಂಪುಚಿತ್ರದಲ್ಲಿ ‘ಕುಳಿತವರು ಎಡದಿಂದ ಬಲಕ್ಕೆ, ನಿಂತವರು ಎಡದಿಂದ ಬಲಕ್ಕೆ’ ಎಂಬ ಹಳೆಯ ಕ್ರಮಕ್ಕಿಂತ ಒಳ್ಳೆಯದು ಇನ್ನೂ ಬಂದಿಲ್ಲ. ನೆಲದ ಮೇಲೆ ಕುಳಿತ ಮಕ್ಕಳನ್ನೂ ಬಿಡದೆ ಎಣಿಸಿದರಾಯಿತು. ಆದರೆ ಎಡಬಲಗಳೇ ಅದಲುಬದಲಾಗುವ ಸಂದರ್ಭವೂ ಉಂಟು. ನೆಗೆಟಿವ್ ಫಿಲ್ಮನ್ನು ಮಗುಚಿ ಸ್ಕ್ಯಾನ್ ಮಾಡಿದರೆ ಚಿತ್ರ ಕನ್ನಡಿಯಲ್ಲಿ ಕಂಡಂತಾಗುತ್ತದೆ. ಹಿನ್ನೆಲೆಯಲ್ಲಿ ಬೋರ್ಡಿನ ಅಕ್ಷರಗಳಿದ್ದರೆ ತಕ್ಷಣ ತಿಳಿಯುತ್ತದೆ, ಇಲ್ಲದಿದ್ದರೆ ಹೆಂಗಸರ ಸೆರಗನ್ನೂ ಗಂಡಸರ ಜನಿವಾರವನ್ನೂ ನೋಡಬೇಕು; ಎರಡೂ ಸಾಮಾನ್ಯವಾಗಿ ಎಡ ಹೆಗಲ ಮೇಲಿರುತ್ತವೆ. ಕೊಡಗಿನ ಹೆಂಗಸರಾದರೆ ಈ ಪರೀಕ್ಷೆ ತಿರುವುಮುರುವಾಗುತ್ತದೆ, ಏಕೆಂದರೆ ನೆರಿಗೆಯನ್ನು ಬೆನ್ನಿಗೆ ಬಿಟ್ಟು ಉಡುವ ಅವರ ಸೀರೆಯ ಸೆರಗು ಬಲ ಹೆಗಲಿನಲ್ಲಿ ನಿಲ್ಲುತ್ತದೆ.

ಸ್ಥಳದ ಹೆಸರಿಗೆ ಊರನ್ನೇ ಹಿಡಿಯಬೇಕು, ಜಿಲ್ಲೆಯನ್ನಲ್ಲ. ಉಡುಪಿ, ಗದಗ, ಹಾವೇರಿಗಳು 1997ರಲ್ಲಿ ಜಿಲ್ಲೆಗಳಾದವು. ಅದಕ್ಕೂ ಹಿಂದಿನ ಪಟಕ್ಕೆ ಆ ಜಿಲ್ಲೆಯ ಹೆಸರು ಹಚ್ಚಿದರೆ ಹಳೆಯ ಕಂದಾಯ ದಾಖಲೆಗಳೊಂದಿಗೆ ಹೊಂದಿಸುವಾಗ ಗೊಂದಲವಾಗುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿಯ ನೀರಿನಡಿ ಹೋದ ಹಳ್ಳಿಗಳ ಮನೆ, ಅಂಗಳ, ತುಳಸಿಕಟ್ಟೆಗಳು ಉಳಿದಿರುವುದು ಅಲ್ಲಿಂದ ಎದ್ದುಬಂದ ಕುಟುಂಬಗಳ ಪಟಗಳಲ್ಲಿ ಮಾತ್ರ. ಅಂಥ ಪಟಕ್ಕೆ ಈಗಿನ ವಾಸದ ಊರನ್ನು ಬರೆಯುವುದು ಮುಳುಗಿದ ಊರನ್ನು ಎರಡನೆಯ ಸಲ ಮುಳುಗಿಸಿದಂತೆ.

ಎಷ್ಟು ಶ್ರಮಿಸಿದರೂ ಗುರುತು ಸಿಗದ ಮುಖಗಳು ಉಳಿಯುತ್ತವೆ. ಅವರನ್ನೆಲ್ಲ ‘ಅಪರಿಚಿತರು’ ಎಂಬ ಒಂದೇ ಹೆಸರಿನಡಿ ಕೂಡಿಹಾಕದೆ ಅ-01, ಅ-02 ಎಂದು ಬೇರೆ ಬೇರೆ ಸಂಖ್ಯೆ ಕೊಟ್ಟು, ಅದೇ ಮುಖ ಇನ್ನೊಂದು ಪಟದಲ್ಲಿ ಕಂಡಾಗ ಅದೇ ಸಂಖ್ಯೆಯನ್ನು ಬರೆಯಬೇಕು. 1947ರ ಮದುವೆಯಲ್ಲಿ ವಧುವಿನ ಹಿಂದೆ ನಿಂತ, ಎರಡು ಮೂಗುಬೊಟ್ಟಿನ ಹೆಂಗಸು ಅ-07 ಎಂದಿಟ್ಟುಕೊಂಡರೆ, ಅವಳೇ ಮುಂದಿನ ನಾಮಕರಣದಲ್ಲಿ ತೊಟ್ಟಿಲು ತೂಗುತ್ತಲೂ ಹತ್ತು ವರ್ಷದ ನಂತರದ ಉಪನಯನದಲ್ಲಿ ಊಟದ ಪಂಕ್ತಿಯಲ್ಲಿ ಬಡಿಸುತ್ತಲೂ ಇರಬಹುದು. ಮೂರನ್ನೂ ಒಟ್ಟಿಗೆ ಇಟ್ಟು ತೋರಿಸಿದಾಗ, ಮೊದಲನೆಯದನ್ನು ನೋಡಿ ತಲೆಯಾಡಿಸಿದ ಹಿರಿಯರೇ ಮೂರನೆಯದನ್ನು ನೋಡಿ, ಅವಳು ನೆಂಟಳಲ್ಲ, ಪಕ್ಕದ ಮನೆಯವಳು, ಹೆರಿಗೆ ಬಾಣಂತನವೆಂದರೆ ಅವಳೇ ಬರಬೇಕಾಗಿತ್ತು ಎಂದು ಹೇಳುವುದುಂಟು. ಆಗ ಅ-07 ಎಂಬುದನ್ನು ಅಳಿಸದೆ, ಅದರ ಮುಂದೆ ಅವಳ ಹೆಸರನ್ನೂ ‘ನೆರೆಮನೆಯವರು’ ಎಂಬ ಮಾತನ್ನೂ, ಹೇಳಿದವರು ಯಾರು, ಯಾವ ತಾರೀಖಿನಂದು ಎಂಬುದನ್ನೂ ಬರೆದು, ಮೂರೂ ಪಟಗಳಲ್ಲಿ ಅವಳ ಜಾಗವನ್ನು ಹಾಗೆಯೇ ಉಳಿಸಬೇಕು.